ಶಾವಿಗೆ ಯಂತ್ರಕ್ಕೆ ತಕ್ಕ ಸಂತೆ ಬೇಕಾಗಿದೆ

ಕೇರಾಫ್ ಆತ್ಮಾರಾಮ ಸೈಕಲ್ ಅಂಗಡಿ,
ಜಹೀರಾಬಾದ್
20-2-1978

ಚಿ. ಸೌ. ಕೌಶಲ್ಯಾಳಿಗೆ ವೈಜಿನಾಥನ ಅನೇಕ ಆಶೀರ್ವಾದಗಳು.

ಈ ಪತ್ರವನ್ನು ಎದ್ದು ನಿಂತು ಓದತಕ್ಕದ್ದು. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬಂದು, ಸೆರಗು ಸರಿಮಾಡಿಕೊಂಡು, ಆಮೇಲೆ ಮುಂದಿನ ಸಾಲಿಗೆ ಕಣ್ಣು ಹಾಯಿಸು.

ಇಂದು ಮುಂಜಾನೆ, ಸಮಸ್ತ ಜಹೀರಾಬಾದ್ ಪಟ್ಟಣದ ಸಮಕ್ಷಮದಲ್ಲಿ, ಅಂದರೆ ಗೆಳೆಯ ಆತ್ಮಾರಾಮ ಮತ್ತು ಪಂಕ್ಚರ್ ತೆಗೆಸಲು ಬಂದಿದ್ದ ಒಬ್ಬ ಮುದುಕರ ಎದುರಿನಲ್ಲಿ, ನಮ್ಮ ಮಡಿಚುವ ಮೇಜಿನ ನಾಲ್ಕನೆಯ ಕಾಲು ಅಲುಗಾಡುವುದನ್ನು ಶಾಶ್ವತವಾಗಿ ನಿಲ್ಲಿಸಿತು. ಕಾರಣ, ಹಳೆಯ ಟೈರಿನ ಒಂದು ತುಂಡು. ಮುದುಕರು ಚಪ್ಪಾಳೆ ತಟ್ಟಲಿಲ್ಲ. ಅವರಿಗೆ ಇತಿಹಾಸದ ಅರಿವು ಕಡಿಮೆ. ಇನ್ನು ಮುಂದೆ ಶಾವಿಗೆ ಯಂತ್ರವನ್ನು ಮೇಜಿನ ಅಂಚಿಗೆ ಬಿಗಿದು ಹಿಡಿಕೆ ತಿರುಗಿಸಿದರೆ ಶಾವಿಗೆ ಮಾತ್ರ ಹೊರಬರುತ್ತದೆ. ಮೇಜೂ ಜೊತೆಗೆ ಹೊರಡುವುದಿಲ್ಲ.

ಹೈದರಾಬಾದಿನ ಕಂಪನಿಯವರ ಮಾತು ನಿನಗೆ ನೆನಪಿರಬಹುದು. ಯಂತ್ರಗಳನ್ನು ಯಾವ ಅಂಗಡಿಗೂ ಕೊಡಕೂಡದು. ಜನ ಕೂಡುವಲ್ಲಿ ಮೇಜು ಹಾಕಿ, ತಿರುಗಿಸಿ ತೋರಿಸಿ, ಕೈಯಿಂದ ಕೈಗೆ ಮಾರಬೇಕು. ಉಳಿದದ್ದನ್ನು ಮಳೆಗಾಲದ ಒಳಗೆ ವಾಪಸು ಒಪ್ಪಿಸಬೇಕು. ಹೆಚ್ಚು ಉಳಿದರೆ ಏಜೆನ್ಸಿಯೇ ಹೋಗುತ್ತದೆ. ಅಣ್ಣ ಹಣಮಂತರಾಯನ ಮಾತಂತೂ ನಮ್ಮಿಬ್ಬರ ಕಿವಿಯಲ್ಲೂ ಇದೆ: “ಮಿರಗಾ ಮಳಿ ಬೀಳೋ ತನಕ ನೋಡ್ತೀನಿ, ವೈಜಾ. ಆಮ್ಯಾಲ ದೌಲತಾಬಾದಿಗಿ ಬಂದು ನನ್ನ ಕಿರಾಣಿ ಅಂಗಡ್ಯಾಗ ಕೂಡು. ನಿನ್ನ ಹೆಣ್ತಿ ನಮ್ಮ ಒಲಿ ಮುಂದ ಕೂಡ್ತಾಳ.” ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಕಾರಖಾನೆಯಲ್ಲಿ ಗುಮಾಸ್ತನಾಗಿ ಕೂತು ಕೂತು ನನ್ನ ಕಾಲಡಿಯ ಕಲ್ಲು ಪಾಲಿಶ್ ಆಗಿತ್ತು. ಮತ್ತೆ ಕೂಡುವುದು ನನ್ನ ಜಾತಕದಲ್ಲಿ ಇಲ್ಲ.

ಆದ್ದರಿಂದ ಪ್ರಶ್ನೆ ಒಂದೇ. ಜನ ಎಲ್ಲಿ ಕೂಡುತ್ತಾರೆ? ಎಲ್ಲ ಸಂತೆಯೂ ಸಂತೆಯಲ್ಲ. ಮುಂದಿನ ತಿಂಗಳ ಮೊದಲಿಗೆ ಇಲ್ಲಿ ದೊಡ್ಡ ದನದ ಪೇಟೆ ಇದೆ. ಅಲ್ಲಿಂದಲೇ ದಿಗ್ವಿಜಯದ ಆರಂಭ.

ಮನೆಯಲ್ಲಿ ಬಿಟ್ಟುಬಂದ ಬಣ್ಣ ಕಿತ್ತ ಯಂತ್ರ ಗೋಣಿಚೀಲದಲ್ಲೇ ಇರಲಿ. ಅದು ನಾಜೂಕಿನ ವಸ್ತು, ತಿಳಿಯದವರು ಮುಟ್ಟಿದರೆ ಕೆಡುತ್ತದೆ.

ವೈಜಿನಾಥ

*

ತಾಂಡೂರು
1-3-1978

ಯಜಮಾನರಿಗೆ ಕೌಶಲ್ಯಾಳ ನಮಸ್ಕಾರಗಳು. ಇತ್ತ ಕ್ಷೇಮ.

ಪತ್ರ ನಿಂತೇ ಓದಿದೆ. ರೊಟ್ಟಿ ಹೊತ್ತಿತು.

ಭಾವನವರು ಬಂದಿದ್ದರು. ನಮ್ಮ ಕಪಾಟು ದೌಲತಾಬಾದಿನ ಅವರ ಮನೆಯ ಯಾವ ಗೋಡೆಗೆ ಹೊಂದುತ್ತದೆ ಎಂದು ಗೇಣು ಹಾಕಿ ಅಳೆದು, ಚಹಾ ಕುಡಿದು ಹೋದರು. “ನಿನಗೂ ಒಬ್ಬಾಕಿನೇ ಇದ್ದು ಬ್ಯಾಸರ ಆಗಿರ್ಬೇಕು ತಂಗಿ, ಅಲ್ಲಿ ಬಂದ್ರ ಕೈತುಂಬ ಕೆಲ್ಸ” ಎಂದರು.

ಇಲಿ ಗೋಣಿಚೀಲ ಕಡಿಯುತ್ತಿದೆ ಎಂದು ಯಂತ್ರ ತೆಗೆದು ಮೇಲಿಟ್ಟೆ. ಹಿಡಿಕೆ ಬಿಗಿಯಾಗಿದೆ. ಕುಸುಬೆ ಎಣ್ಣೆ ಹಾಕಿದರೆ ನಡೆಯುತ್ತದೆಯೋ, ಹೊಲಿಗೆ ಮಷೀನಿನ ಎಣ್ಣೆಯೇ ಬೇಕೋ? ಸುಮ್ಮನೆ ಕೇಳಿದೆ.

ದನದ ಪೇಟೆಗೆ ಗಂಡಸರೇ ಹೋಗುತ್ತಾರಲ್ಲವೆ?

ಕೌಶಲ್ಯಾ

*

ಜಹೀರಾಬಾದ್
12-3-1978

ಚಿ. ಸೌ. ಕೌಶಲ್ಯಾಳಿಗೆ ಆಶೀರ್ವಾದಗಳು.

ದನದ ಪೇಟೆ ಮುಗಿಯಿತು. ಎಂಥ ಜನ! ಎಂಥ ಧೂಳು! ಎಂಥ ಎತ್ತುಗಳು! ಹಾದುಹೋದ ಪ್ರತಿಯೊಬ್ಬ ಗಂಡಸೂ ನಮ್ಮ ಮೇಜಿನ ಮುಂದೆ ನಿಂತ. ನಿಲ್ಲದೆ ಏನು ಮಾಡಿಯಾನು? ಬಾಯಿಗೆ ಹಿಡಿದು ಕೂಗುವ ನನ್ನ ತಗಡಿನ ಭೋಂಗಾದ ಧ್ವನಿ ಆಚೆ ಸ್ಟೇಷನ್ನಿಗೆ ಕೇಳಿ, ಒಬ್ಬ ಮನುಷ್ಯ ರೈಲು ಬಂತೆಂದು ಓಡಿದನಂತೆ.

ನಡೆದ ಸಂಭಾಷಣೆಗಳಲ್ಲಿ ಒಂದನ್ನು ಮಾದರಿಗಾಗಿ ಕೊಡುತ್ತೇನೆ.

“ಅಣ್ಣಾರ, ಇದರಾಗ ಕಣಿಕಿ ಕತ್ತರಿಸಾಕ ಬರ್ತದೇನ್ರಿ?”

“ಇಲ್ರಿ, ಇದು ಶಾವಿಗಿ ಮಾಡೋದು.”

“ಶಾವಿಗಿ ಎತ್ತು ತಿಂತದೇನ್ರಿ?”

“ಮನಷ್ಯಾರು ತಿಂತಾರ್ರಿ.”

“ಮನಷ್ಯಾರಿಗಿ ಮಾಡಿ ಹಾಕಾಕ ಮನ್ಯಾಗ ಹೆಣ್ಮಕ್ಕಳು ಅದಾರಲ್ರಿ. ಎತ್ತಿಂದು ಏನರ ಇದ್ರ ಹೇಳ್ರಿ.”

ಒಂದು ಕಿಲಾರಿ ಹೋರಿ ನಮ್ಮ ಬಟ್ಟೆಯ ಬೋರ್ಡಿನ ಅರ್ಧ ಭಾಗವನ್ನು ಸೇವಿಸಿತು. ಅದರ ಮಾಲೀಕ ಕ್ಷಮೆ ಕೇಳುವ ಬದಲು, ಅದರಲ್ಲಿ ಗಂಜಿ ಹಾಕಿದ್ದಿರಾ ಎಂದು ವಿಚಾರಿಸಿದ. ಹಾಕಿದ್ದೆವು. ಇಸ್ತ್ರಿಗೆ ಮುಂಚೆ ನೀನೇ ಹಾಕಿದ್ದೆ.

ಮಾರಾಟದ ವಿಷಯ ಸದ್ಯಕ್ಕೆ ಪ್ರಾಥಮಿಕ ಹಂತದಲ್ಲಿದೆ.

ಕುಸುಬೆ ಎಣ್ಣೆ ಒಂದು ಹನಿ ಸಾಕು. ಆದರೆ ಸುಮ್ಮನೆ ಕೂತಿರುವ ಯಂತ್ರಕ್ಕೆ ಎಣ್ಣೆ ಯಾಕೆ? ಇಲಿಗೆ ತಿರುಗಿಸಲು ಸಲೀಸಾಗಲಿ ಎಂದೆ?

ವೈಜಿನಾಥ

*

ತಾಂಡೂರು
25-3-1978

ಯಜಮಾನರಿಗೆ ನಮಸ್ಕಾರಗಳು.

ಕಾರ್ಡಿನಲ್ಲಿ ಜಾಗ ಕಡಿಮೆ. ಯಂತ್ರಕ್ಕೆ ಹಾಕುವ ಸಣ್ಣ ತೂತಿನ ಬಿಲ್ಲೆ ಒಂದು ಇದ್ದರೆ ಕಳಿಸಿರಿ. ಮನೆಯಲ್ಲಿ ಒಂದು ಇರಲಿ ಎಂದು ಕೇಳಿದೆ.

ಮನೆ ಮಾಲೀಕ ನರಸಿಂಹುಲು ಕಾಕಾ ಅಂಗಳದಲ್ಲಿ ಉದ್ದಕ್ಕೆ ಹಗ್ಗ ಕಟ್ಟಲು ಒಪ್ಪಿದರು. ಒಣಗಿಸುವುದು ಬಹಳ ಇರುತ್ತದೆ. ಪಕ್ಕದ ಮನೆಯ ಗುಂಡಮ್ಮ, ಎದುರು ಮನೆಯ ಭೀಮಮ್ಮ ಬಂದು ಕೂಡುತ್ತಾರೆ. ಬೇಸರ ಇಲ್ಲ. ಬಲಗೈ ರಟ್ಟೆ ಸ್ವಲ್ಪ ನೋಯುತ್ತದೆ, ಚಿಂತೆ ಮಾಡುವಂಥದ್ದಲ್ಲ.

ಕೌಶಲ್ಯಾ

*

ನಾರಾಯಣಖೇಡ
10-4-1978

ಚಿ. ಸೌ. ಕೌಶಲ್ಯಾಳಿಗೆ ಆಶೀರ್ವಾದಗಳು.

ನಿನ್ನ ಕಾರ್ಡನ್ನು ಆತ್ಮಾರಾಮ ಇಲ್ಲಿಗೆ ಕಳಿಸಿಕೊಟ್ಟ. ಬಿಲ್ಲೆಯನ್ನೂ ಒಂದು ಡಬ್ಬಿ ಮುಲಾಮನ್ನೂ ತಾಂಡೂರು ಬಸ್ಸಿನ ಡ್ರೈವರ್ ಬಕ್ಕಪ್ಪನ ಕೈಯಲ್ಲಿ ಕೊಟ್ಟಿದ್ದೇನೆ. ಎರಡರ ಡಬ್ಬಿಯೂ ಒಂದೇ ಥರ, ನೋಡಿ ಹಚ್ಚಿಕೋ. ಬೀಸುವುದು ಕುಟ್ಟುವುದು ಕಡಿಮೆ ಮಾಡು. ಮತ್ತು ಒಬ್ಬಳೇ ಹೆಂಗಸಿಗೆ ಉದ್ದಕ್ಕೆ ಹಗ್ಗ ಕಟ್ಟುವಷ್ಟು ಬಟ್ಟೆ ಎಲ್ಲಿಂದ ಬಂತು? ಬೇಸರಕ್ಕೆ ಒಗೆದದ್ದನ್ನೇ ಒಗೆಯುತ್ತಿರುವಂತೆ ಕಾಣುತ್ತದೆ. ನನ್ನ ಮನಸ್ಸು ಕರಗಿತು.

ಇಲ್ಲಿಯ ಕೃಷಿ ಪ್ರದರ್ಶನದಲ್ಲಿ ನಮಗೆ ಶಾಮಿಯಾನದ ಒಳಗೇ ಜಾಗ ಸಿಕ್ಕಿತು. ಎಡಕ್ಕೆ ಗೊಬ್ಬರ, ಬಲಕ್ಕೆ ಕುಟುಂಬ ಯೋಜನೆ, ನಡುವೆ ಶಾವಿಗೆ. ದೊಡ್ಡ ಸಾಹೇಬರು ಬಂದು ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿ ಫೋಟೊ ತೆಗೆಸಿಕೊಂಡರು. ಅಲ್ಲಿಗೆ ನಮ್ಮ ಗ್ರಹಚಾರ ಕೆಟ್ಟಿತು. ಸಾಹೇಬರು ಮುಟ್ಟಿದ್ದು ಸರ್ಕಾರದ್ದು ಎಂದು ಜನ ತೀರ್ಮಾನಿಸಿದರು. ಮಧ್ಯಾಹ್ನದೊಳಗೆ ಸಾಲು ನಿಂತಿತು. ನಾನು ಹಿಗ್ಗಿದೆ.

“ನನ್ನ ಹೆಸ್ರು ಬರ್ಕೊಳ್ರಿ ಸಾಹೇಬ್ರ, ಅಂಜಪ್ಪ.”

“ಹೆಸ್ರು ಬ್ಯಾಡ್ರಿ ಅಂಜಪ್ಪನವ್ರ, ತಗೊಂಡು ಹೋಗ್ರಿ.”

“ಹಂಗ ಹ್ಯಾಂಗ ತಗೊಳ್ಳೋದ್ರಿ? ನಾಳಿಗಿ ಎನ್‌ಕ್ವಾಯರಿ ಬಂದ್ರ? ಮೊದಲ ಹೆಸ್ರು, ಆಮ್ಯಾಲ ಅಂಗೂಠಾ, ಆಮ್ಯಾಲ ಮಾಲು.”

“ಇದು ಮಾರೋದ್ರೀ!”

“ಮಾರೋದಾ?” ಎಂದು ಅವನು ಹಿಂದೆ ತಿರುಗಿ ಇಡೀ ಸಾಲಿಗೆ ಕೂಗಿ ಹೇಳಿದ: “ಏ, ನಡೀರಿ! ನಡುವೆ ಯಾವನೋ ದಲ್ಲಾಳಿ ಹೊಕ್ಕಾನ!”

ಜನ ಗೊಬ್ಬರದ ಕಡೆಗೆ ಹೋದರು. ನನಗೆ ಉತ್ತಮ ಪ್ರದರ್ಶಕ ಎಂಬ ಪ್ರಶಸ್ತಿಪತ್ರ ಸಿಕ್ಕಿದೆ. ನಿನ್ನ ಮುಂದೆ ಏನು ಮುಚ್ಚುಮರೆ. ಈ ತನಕ ಸಿಕ್ಕಿರುವುದು ಅದೊಂದೇ. ಯಂತ್ರಗಳು ಹೊರಟಾಗ ಎಷ್ಟಿದ್ದವೋ ಅಷ್ಟೇ ಇವೆ. ಬಸ್ಸಿನ ಮೇಲೆ ಹೇರುವುದು, ಇಳಿಸುವುದು, ಇನ್ನೊಂದು ಊರು ಕೇಳುವುದು. ಕಾಲು ನಿಲ್ಲುತ್ತಿಲ್ಲ, ಹಾಗೆಂದು ಎಲ್ಲಿಗೂ ತಲುಪುತ್ತಲೂ ಇಲ್ಲ.

ಅಣ್ಣ ಮತ್ತೆ ಬಂದಿದ್ದನೆ?

ವೈಜಿನಾಥ

*

ತಾಂಡೂರು
18-4-1978

ಯಜಮಾನರಿಗೆ ನಮಸ್ಕಾರಗಳು.

ಬಿಲ್ಲೆ ಮುಟ್ಟಿತು, ಚೆನ್ನಾಗಿದೆ. ಮುಲಾಮು ಗುಂಡಮ್ಮ ತೆಗೆದುಕೊಂಡು ಹೋದಳು, ಅವಳಿಗೂ ರಟ್ಟೆ ನೋವು.

ಭಾವನವರು ಬಂದಿದ್ದರು. ಅಂಗಳದ ಹಗ್ಗ ನೋಡಿ ಇದೇನು ಎಂದರು. ಹಗ್ಗ ಎಂದೆ.

ನೀವು ಜಾತ್ರೆಯಷ್ಟು ಜನ ಸೇರುವ ಕಡೆ ಹೋಗುತ್ತೀರಿ. ಅಷ್ಟು ಗದ್ದಲದಲ್ಲಿ ಹೆಂಗಸು ಕೊಡ ಇಳಿಸಿ ನಿಂತು ನೋಡಲು ಆಗುತ್ತದೆಯೆ? ಗಂಡ ಮುಂದೆ ನಡೆದುಬಿಟ್ಟಿರುತ್ತಾನೆ. ಸಣ್ಣ ವಾರದ ಸಂತೆಗೆ ಹೋಗಿ ನೋಡಿರಿ. ಕಂಗ್ಟಿಗೆ ಹೆಂಗಸರು ಬಹಳ ಬರುತ್ತಾರೆಂದು ಭೀಮಮ್ಮ ಹೇಳುತ್ತಾಳೆ, ಅವಳ ತವರು ಆ ಕಡೆ.

ಇನ್ನೊಂದು ಮಾತು. ಊರಿಗೆ ಬರುವ ಮುಂಚೆ ತಪ್ಪದೆ ಕಾರ್ಡು ಹಾಕಿರಿ. ಒಮ್ಮಿಂದೊಮ್ಮೆಗೆ ಬರಬೇಡಿರಿ. ಬಿಸಿಲು ಬಹಳ.

ಕೌಶಲ್ಯಾ

*

ಕಂಗ್ಟಿ
2-5-1978

ಚಿ. ಸೌ. ಕೌಶಲ್ಯಾಳಿಗೆ ಆಶೀರ್ವಾದಗಳು.

ಕಾರ್ಡು ಹಾಕಿದರೆ ಬಿಸಿಲು ಕಡಿಮೆಯಾಗುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಇರಲಿ. ನಿನ್ನ ಮಾತಿನಂತೆ ಕಂಗ್ಟಿಗೆ ಬಂದೆ. ಹೆಂಗಸರು ಬಂದರು! ನಿಂತರು, ನೋಡಿದರು, ಹೋದರು. ಮುಂದಿನ ವಾರ ಮತ್ತೆ ಬಂದರು, ಈ ಸಲ ತಾಟಿನಲ್ಲಿ ಕಣಕ ಹಿಡಿದು. ಯಂತ್ರ ಕೊಳ್ಳಲು ಅಲ್ಲ. ನನ್ನ ಕೈಯಲ್ಲಿ ಬಿಟ್ಟಿಯಾಗಿ ಶಾವಿಗೆ ಒತ್ತಿಸಿಕೊಂಡು ಹೋಗಲು. ಬೆಳಗಿನಿಂದ ಹೊತ್ತು ಇಳಿಯುವ ತನಕ ತಿರುಗಿಸಿದೆ. ಈಗ ನಿನ್ನ ರಟ್ಟೆಗೂ ನನ್ನ ರಟ್ಟೆಗೂ ಒಂದೇ ಮುಲಾಮು ಸಾಕು.

ಆದರೆ ಕೌಶಲ್ಯಾ, ಸುದ್ದಿ ಇದಲ್ಲ. ಕೂತಿದ್ದರೆ ಏಳು.

ಇಲ್ಲಿ ಸಾಯಮ್ಮ ಎಂಬ ಗಟ್ಟಿಗಿತ್ತಿ ಇದ್ದಾಳೆ. ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಾಳೆ. ಅವಳು ಹೂಂ ಅಂದದ್ದನ್ನು ಸಂತೆ ಹೂಂ ಅನ್ನುತ್ತದೆ. ನಾನು ಬೆವರು ಸುರಿಸುವುದನ್ನು ನೋಡಿ ಹೇಳಿದಳು:

“ಅಯ್ಯ, ಹಿಂಗ್ಯಾಕ ಒದರ್ತೀರಿ ಅಣ್ಣಾ? ತಾಂಡೂರಾಗ ಹೋಗಿ ನೋಡ್ರಿ. ನಮ್ಮ ಊರಿನ ಹೆಣ್ಮಗಳಿಗಿ ಅಲ್ಲಿ ಕೊಟ್ಟಾರ. ಅಕಿ ಓಣ್ಯಾಗ ಸೋಮಾರ, ಗುರುವಾರ ಹೆಂಗಸರ ಪ್ಯಾಟಿ ಕೂಡ್ತದಂತ. ಶಾವಿಗಿ ಮಾಡ್ತಾರ, ಹಾಡ್ತಾರ, ನಗ್ತಾರ. ಗಂಡಸರಿಗಿ ಒಳಗ ಬಿಡಂಗಿಲ್ಲ. ಅಲ್ಲಿ ಒಂದು ಮಷೀನ್ ಅದ, ಅದರ ಮುಂದ ನಿಮ್ಮ ಮಷೀನ್ ಏನೂ ಅಲ್ಲ!”

ಕೇಳಿದೆಯಾ? ನಮ್ಮ ಊರಿನಲ್ಲೇ ಒಂದು ಗುಪ್ತ ಪೇಟೆ! ಜೊತೆಗೆ ಯಾವನೋ ಪ್ರತಿಸ್ಪರ್ಧಿ, ನಮಗಿಂತ ಒಳ್ಳೆಯ ಯಂತ್ರದೊಂದಿಗೆ! ನಾನು ಊರೂರು ಅಲೆಯುತ್ತಿದ್ದಾಗ ಆ ಧೂರ್ತ ನಮ್ಮ ಮೂಗಿನ ಕೆಳಗೆ ಮೇಜು ಹಾಕಿದ್ದಾನೆ. ನೀನು ಮನೆಯಲ್ಲೇ ಕೂತಿರುವವಳು, ನಿನಗೆ ಇಂಥ ವ್ಯವಹಾರ ತಿಳಿಯುವುದಿಲ್ಲ, ಗೊತ್ತು. ಆದರೂ ಗುಂಡಮ್ಮನನ್ನು ಕೇಳಿ ನೋಡು. ಅದು ಯಾವ ಓಣಿ, ನಡೆಸುವವರು ಯಾರು, ನೆರಳಿನಲ್ಲಿ ನಮಗೊಂದು ಮೇಜಿನಷ್ಟು ಜಾಗ ಸಿಗುತ್ತದೆಯೆ, ಕೂಡಲೇ ತಿಳಿಸು.

ವೈಜಿನಾಥ

*

ತಾಂಡೂರು
9-5-1978

ಯಜಮಾನರಿಗೆ ನಮಸ್ಕಾರಗಳು.

ಅಂಥ ಪೇಟೆ ಏನೂ ಇಲ್ಲ. ನಾಲ್ಕು ಮಂದಿ ಹೆಂಗಸರು ಯಾರದೋ ಅಂಗಳದಲ್ಲಿ ಕೂಡುತ್ತಾರೆ, ಅಷ್ಟೆ. ಆ ಯಂತ್ರವೂ ಹೇಳಿಕೊಳ್ಳುವಂಥದ್ದಲ್ಲ, ಬಣ್ಣ ಕಿತ್ತಿದೆ ಎಂದು ಕೇಳಿದೆ. ಬಂದರೆ ನಿಮಗೆ ನಿರಾಸೆಯಾಗುತ್ತದೆ.

ಬೊಮ್ರಾಸಪೇಟೆಯ ಕಡೆ ಹೋಗಿರಿ. ಅಲ್ಲಿ ಇನ್ನೂ ಯಾರೂ ಹೋಗಿಲ್ಲ.

ಕೌಶಲ್ಯಾ

*

ಜಹೀರಾಬಾದ್
14-5-1978

ಕೌಶಲ್ಯಾಳಿಗೆ ಆಶೀರ್ವಾದ.

ನಿನಗೆ ನನ್ನ ಮೇಲೆ ಭರವಸೆ ಹೋಗಿದೆ ಎಂದು ಅರ್ಥವಾಯಿತು. ತಪ್ಪು ನಿನ್ನದಲ್ಲ. ನಾಲ್ಕು ಮಂದಿಯಾದರೆ ನಾಲ್ಕು ಮಂದಿ. ಮಳೆಗೆ ಇನ್ನು ಎಷ್ಟು ದಿನ ಉಳಿದವು? ದೌಲತಾಬಾದಿನ ಕಿರಾಣಿ ಅಂಗಡಿಯ ಗಾದಿಯನ್ನು ಕನಸಿನಲ್ಲಿ ಕಾಣುತ್ತಿದ್ದೇನೆ. ಅದರ ನಡುವೆ ಒಂದು ತಗ್ಗಿದೆ, ನನ್ನ ಅಳತೆಯದು.

ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮೇಜು, ಭೋಂಗಾ, ಹೊಸ ಬೋರ್ಡು ಎಲ್ಲ ತರುತ್ತೇನೆ. ಇದನ್ನೇ ಕಾರ್ಡು ಎಂದು ತಿಳಿ.

ವೈಜಿನಾಥ

*

ಜಹೀರಾಬಾದ್
19-5-1978

ಕೌಶಲ್ಯಾಳಿಗೆ,

ಆಶೀರ್ವಾದ ಮಾಡುವಷ್ಟು ಧೈರ್ಯ ಈ ಪತ್ರದಲ್ಲಿಲ್ಲ. ನಿನ್ನ ಪತಿರಾಯನ ಪಟ್ಟಣಪ್ರವೇಶದ ವರದಿಯನ್ನು ನಾನೇ ಬರೆದುಬಿಡುತ್ತೇನೆ. ಬೇರೆಯವರು ಬರೆದರೆ ಇನ್ನೂ ಕೆಟ್ಟದಾಗಿ ಬರೆದಾರು.

ಬಸ್ಸಿನಿಂದ ಇಳಿದವನು ತಾಟು ಹಿಡಿದ ಇಬ್ಬರು ಹೆಂಗಸರನ್ನು ಕಂಡೆ. ಗುಪ್ತಚರನ ಹಾಗೆ ದೂರದಿಂದ ಹಿಂಬಾಲಿಸಿದೆ. ಅವರು ನಮ್ಮ ಓಣಿಗೆ ತಿರುಗಿದರು. ನಾನಂದುಕೊಂಡೆ, ಅರೆ, ಮನೆಗೂ ಹತ್ತಿರವೇ ಆಯಿತಲ್ಲ! ಅವರು ನಮ್ಮ ಬಾಗಿಲು ಹೊಕ್ಕರು. ಆಗಲೂ ಈ ಮಹಾನುಭಾವನ ತಲೆಗೆ ಹೊಳೆಯಲಿಲ್ಲ. ಹೊಸಲಿನಲ್ಲಿ ಗುಂಡಮ್ಮ ಕೈ ಅಡ್ಡ ಇಟ್ಟಳು.

“ಯಾರ್ ಬೇಕ್ರಿ? ಇವತ್ತು ಗಂಡಸರಿಗಿ ಒಳಗ ಇಲ್ಲ.”

“ಗುಂಡಮ್ಮ, ನಾ ವೈಜಿನಾಥ. ಇದು ನನ್ನ ಮನಿ!”

“ಮನಿ ನಿಮ್ದಾ ಇರ್ಲಿ ಅಣ್ಣಾ. ಸಂಜಿಗಿ ಬರ್ರಿ.”

ಸಂಜೆಗೆ ಬಂದಿದ್ದರೆ! ಆದರೆ ಅವಳ ತೋಳಿನ ಮೇಲಿಂದ ನನಗೆ ಕಂಡಿತ್ತು. ಹಗ್ಗದ ಉದ್ದಕ್ಕೂ, ಹೊರಸಿನ ಮೇಲೆ, ಕೋಲುಗಳ ಮೇಲೆ ಶಾವಿಗೆಯೋ ಶಾವಿಗೆ. ನಡುವೆ ನನ್ನ ಬಣ್ಣ ಕಿತ್ತ ಯಂತ್ರ, ಹಿಡಿಕೆಯ ಮೇಲೆ ನಿನ್ನ ಕೈ. ನೀನು ಯಾವುದಕ್ಕೋ ಬಿದ್ದು ಬಿದ್ದು ನಗುತ್ತಿದ್ದೆ. ನೀನು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. ಇಂಥ ಪೇಟೆಯನ್ನೇ ಅಲ್ಲವೆ ನಾನು ಹುಡುಕುತ್ತಿದ್ದುದು? ಕಾಲು ತಡೆಯಲಿಲ್ಲ. ಒಳಗೆ ನುಗ್ಗಿದೆ, ಭೋಂಗಾ ಎತ್ತಿದೆ, “ಮಾನ್ಯ ಮಹಿಳೆಯರೆ” ಎಂದೆ.

ಆಮೇಲೆ ಆದದ್ದು ನಿನಗೆ ಗೊತ್ತು. ಸೆರಗುಗಳು ತಲೆಯ ಮೇಲೆ ಬಂದವು. ಹಾಡು ನಿಂತಿತು. ಯಾರೂ ಬೈಯಲಿಲ್ಲ, ಒಬ್ಬೊಬ್ಬರಾಗಿ ತಮ್ಮ ಹಸಿ ಕಣಕ ಎತ್ತಿಕೊಂಡು ಗೋಡೆಗೆ ಒತ್ತಿಕೊಂಡು ಹೊರಗೆ ಹೋದರು. ನಾನು ಮಾತ್ರ “ಇದರ ವಿಶೇಷವೇನೆಂದರೆ” ಎನ್ನುತ್ತಲೇ ಇದ್ದೆ. ನೀನು ಹಿಡಿಕೆ ಬಿಚ್ಚಿ ತೊಳೆಯತೊಡಗಿದೆ. ಮಧ್ಯಾಹ್ನದ ಬಸ್ಸಿಗೆ ನಾನು ಬಂದುಬಿಟ್ಟೆ.

ಒಂದು ಕೇಳುತ್ತೇನೆ. ಬೇಸಿಗೆಯಿಡೀ ನಾನು ಎತ್ತುಗಳ ಮುಂದೆ ಒದರುತ್ತ ತಿರುಗಿದೆ. ನೀನು ಒಂದು ಸಾಲು ಬರೆಯಬಾರದಾಗಿತ್ತೆ?

ವೈಜಿನಾಥ

*

ತಾಂಡೂರು
24-5-1978

ನಿಮ್ಮ ಪತ್ರ ಬಂತು. ಗುರುವಾರ ಬರುತ್ತೀರೆಂಬ ಕಾರ್ಡು ಮುಟ್ಟಿದ್ದು ಶುಕ್ರವಾರ.

ಸೋಮವಾರ ಯಾರೂ ಬರಲಿಲ್ಲ. ಯಂತ್ರಕ್ಕೆ ಎಣ್ಣೆ ಹಾಕಿ, ಅಂಗಳ ಸಾರಿಸಿ, ಮಧ್ಯಾಹ್ನದ ತನಕ ಕಾದೆ.

ಯಾಕೆ ಬರೆಯಲಿಲ್ಲ ಎಂದು ಕೇಳಿದ್ದೀರಿ. ಬರೆದಿದ್ದರೆ ನೀವು ಮರುದಿನದ ಬಸ್ಸಿಗೆ ಬರುತ್ತಿದ್ದಿರಿ. ಭೋಂಗಾ ತರುತ್ತಿದ್ದಿರಿ. ನಾನು ಅಂದುಕೊಂಡದ್ದು ತಪ್ಪಾಯಿತೆ? ನೀವೇ ಹೇಳಿರಿ.

ಮೊದಲು ನಾನೂ ಗುಂಡಮ್ಮನೂ ಇಬ್ಬರೇ ಮಾಡಿದೆವು. ಅವಳು ಭೀಮಮ್ಮನನ್ನು ಕರೆದಳು, ಭೀಮಮ್ಮ ತನ್ನ ಸೊಸೆಯನ್ನು. ಭೀಮಮ್ಮ ಮನೆಯಲ್ಲಿ ಬಾಯಿ ಬಿಡುವವಳಲ್ಲ, ಇಲ್ಲಿ ಅವಳೇ ಹಾಡು ಎತ್ತುವುದು. ಆ ಸೊಸೆ ಬಂದು ವರ್ಷವಾಯಿತು, ಸೆರಗು ತೆಗೆದು ಗಾಳಿಗೆ ಕೂತದ್ದು ನಮ್ಮ ಅಂಗಳದಲ್ಲೇ ಮೊದಲು. ಅತ್ತೆ ಮಾಡಿದ ಅನ್ಯಾಯವನ್ನು ಅತ್ತೆಯ ಎದುರಿಗೇ ಹಾಡು ಕಟ್ಟಿ ಹಾಡುತ್ತಾಳೆ, ಅತ್ತೆಯೂ ನಗುತ್ತಾಳೆ. ನೀವು ಬಂದ ದಿನ ನಾವು ನಕ್ಕದ್ದು ಅದಕ್ಕೇ. ಅಲ್ಲಿ ಒಬ್ಬ ಗಂಡಸು ನಿಂತರೆ ಅದು ಬರಿಯ ಅಡುಗೆ ಕೆಲಸ. ಅಡುಗೆ ಕೆಲಸ ಎಲ್ಲರ ಮನೆಯಲ್ಲೂ ಇದೆ, ಅದಕ್ಕೆ ನಮ್ಮ ಮನೆಗೆ ಯಾಕೆ ಬರಬೇಕು?

ಹೋಗುವಾಗ ಒಬ್ಬೊಬ್ಬಳೂ ನನ್ನ ಪಾಲೆಂದು ಶಾವಿಗೆಯನ್ನೋ ಗೋಧಿಯನ್ನೋ ಇಟ್ಟು ಹೋಗುತ್ತಿದ್ದಳು. ಶಾವಿಗೆಯನ್ನು ಗುಂಡಮ್ಮ ಬಜಾರಿನಲ್ಲಿ ಮಾರಿಸಿ ಕೊಟ್ಟಳು. ಬಾಡಿಗೆ ಮೂರು ಸಲವೂ ಹೊತ್ತಿಗೆ ಸರಿಯಾಗಿ ಹೋಗಿದೆ. ನೀವು ಬಾಡಿಗೆಯ ಬಗ್ಗೆ ಒಂದು ಪತ್ರದಲ್ಲೂ ಕೇಳಲಿಲ್ಲ.

ದೌಲತಾಬಾದಿನ ಒಲೆಯ ಮುಂದೆ ನಾನು ಕೂಡುವುದಿಲ್ಲ. ಓರಗಿತ್ತಿ ಅಕ್ಕ ಒಳ್ಳೆಯವರೇ. ಆದರೆ ಅಲ್ಲಿ ಬಾಗಿಲು ಅವರದು, ಯಾರನ್ನು ಒಳಗೆ ಕರೆಯಬೇಕು ಎಂದು ಅವರನ್ನು ಕೇಳಬೇಕು. ನಿಮಗೆ ಒಂದು ಕಡೆ ಕೂಡುವುದು ಆಗದು. ನನಗೆ ಈ ಅಂಗಳ ಬಿಡುವುದು ಆಗದು. ಭಾವನವರಿಗೆ ನಾನೇ ಬರೆಯುತ್ತೇನೆ.

ನಿನ್ನೆ ಮನೆಮನೆಗೆ ಹೋಗಿ ಕರೆದೆ. ಗುಂಡಮ್ಮ ಅಂದದ್ದನ್ನು ಇದ್ದ ಹಾಗೆ ಬರೆಯುತ್ತೇನೆ: “ನಿನ್ನ ಗಂಡ ಛಲೋ ಮನಷ್ಯಾ ಅದಾನ ಕೌಶಲ್ಯಾ. ಊರ ಹೊರಗ ಇದ್ರ ಇನ್ನಾ ಛಲೋ. ಸೋಮಾರ, ಗುರುವಾರ ಅವನ ನೆಳ್ಳು ಇಲ್ಲಿ ಬೀಳಬಾರದು, ಹಂಗ ಮಾತು ಕೊಡ್ತಾನಂದ್ರ ಬರ್ತೀವಿ.”

ಮಾತು ಕೊಡುತ್ತೀರಾ?

ಸಿಟ್ಟಿನಲ್ಲಿ ಬರೆದಿಲ್ಲ. ಆ ದಿನ ನೀವು ಊಟ ಮಾಡದೆ ಹೋದಿರಿ. ಹೆಂಗಸರು ಹೋದ ಮೇಲೆ ನಿಮಗೆಂದು ಶಾವಿಗೆ ಪಾಯಸ ಮಾಡಿದ್ದೆ. ಬಿಸಿಲಿಗೆ ಹುಳಿಯಾಯಿತು.

ಕೌಶಲ್ಯಾ

*

ಜಹೀರಾಬಾದ್
27-5-1978

ಕೌಶಲ್ಯಾಳಿಗೆ,

ಮಾತು ಕೊಟ್ಟೆ. ಆತ್ಮಾರಾಮ ಸಾಕ್ಷಿ. ಭೋಂಗಾವನ್ನು ಅವನಿಗೇ ಕೊಟ್ಟುಬಿಟ್ಟೆ. ಡಬ್ಬಿಯಿಂದ ಡಬ್ಬಿಗೆ ಸೀಮೆಎಣ್ಣೆ ಸುರಿಯಲು ತಲೆಕೆಳಗಾಗಿ ಬಳಸುತ್ತಿದ್ದಾನೆ, ಅದರ ಬಾಳು ಸಾರ್ಥಕ.

ಬಾಡಿಗೆಯ ಬಗ್ಗೆ ನಾನು ಕೇಳಲಿಲ್ಲ. ನಿಜ. ಅದಕ್ಕೆ ತಮಾಷೆ ಏನೂ ಹೊಳೆಯುತ್ತಿಲ್ಲ.

ನಾಳೆ ಕಂಗ್ಟಿಗೆ ಹೊರಡುತ್ತೇನೆ. ಸಾಯಮ್ಮನನ್ನು ಕಾಣಬೇಕು.

ವೈಜಿನಾಥ

*

ತಾಂಡೂರು
30-5-1978

ಯಜಮಾನರಿಗೆ ಕೌಶಲ್ಯಾಳ ನಮಸ್ಕಾರಗಳು.

ಗುರುವಾರ ಗುಂಡಮ್ಮ ಒಬ್ಬಳೇ ಬಂದು ಸ್ವಲ್ಪ ಹೊತ್ತು ಕೂತು ಹೋದಳು. ನಿಮ್ಮ ಮಾತು ಬಂದ ಮೇಲೆ ನಿನ್ನೆ ಎಲ್ಲರೂ ಬಂದರು. ಭೀಮಮ್ಮನ ಸೊಸೆ ನಿಮ್ಮ “ಮಾನ್ಯ ಮಹಿಳೆಯರೆ” ಮೇಲೆ ಹಾಡು ಕಟ್ಟಿದ್ದಾಳೆ. ನಿಮ್ಮ ಮುಂದೆ ಹಾಡುವಂಥದ್ದಲ್ಲ.

ಮಳೆ ಹಿಡಿದ ಮೇಲೆ ಶಾವಿಗೆ ಒಣಗುವುದಿಲ್ಲ. ಪಂಚಮಿಗೆ ಇದರಲ್ಲಿ ಚಕ್ಕಲಿ ಬರುತ್ತದೆಯೆ ಎಂದು ಗುಂಡಮ್ಮ ಕೇಳುತ್ತಾಳೆ. ಅದರ ಬಿಲ್ಲೆ ಇದೆಯೆ?

ಭಾವನವರಿಗೆ ಬರೆದು ಹಾಕಿದೆ. ಅವರು ಬಂದರೆ ಬರಲಿ. ಗುರುವಾರ ಬಂದರೆ ಗುಂಡಮ್ಮ ಇರುತ್ತಾಳೆ.

ಕೌಶಲ್ಯಾ

*

ಕಂಗ್ಟಿ
5-6-1978

ಚಿ. ಸೌ. ಕೌಶಲ್ಯಾಳಿಗೆ ವೈಜಿನಾಥನ ಆಶೀರ್ವಾದಗಳು.

ಕಂಗ್ಟಿಯ ಸಂತೆಯಲ್ಲಿ ಈ ಸಲ ನಾನು ಮೇಜು ಹಾಕಲಿಲ್ಲ. ಸಾಯಮ್ಮನ ಮನೆಗೆ ಹೋಗಿ, ಯಂತ್ರವನ್ನು ಹೊಸಲಿನ ಒಳಗೆ ಇಟ್ಟು, ಹೊರಗಡೆ ಗೋಡೆಗೆ ಬೆನ್ನು ಹಚ್ಚಿ ಬೇವಿನ ಮರದ ಕೆಳಗೆ ಕೂತೆ. ಒಳಗೆ ಅವಳೂ ಅವಳ ಓಣಿಯವರೂ. ವ್ಯವಹಾರವೆಲ್ಲ ಗೋಡೆಯ ಮೇಲಿಂದ ನಡೆಯಿತು.

“ಅಣ್ಣಾ, ಹಿಡಿಕಿ ಬಿಗಿ ಆಗ್ಯದ!”

“ಕುಸುಬಿ ಎಣ್ಣಿ ಒಂದು ಹನಿ ಬಿಡ್ರಿ!”

“ಕಣಕ ಮೆತ್ತಗ ಆತೇನೋ, ಎಳಿ ಹರಿತದ!”

“ಸ್ವಲ್ಪ ಗಟ್ಟಿ ನಾದ್ರಿ!”

“ನಿಮಗ ಹ್ಯಾಂಗ ಗೊತ್ತು? ಗಂಡಸು ಇದ್ದು!”

ಬಾಯಿ ಮುಚ್ಚಿಕೊಂಡೆ. ಆಮೇಲೆ ಒಳಗಿನಿಂದ ಹಿಡಿಕೆ ತಿರುಗುವ ಸದ್ದಷ್ಟೇ ಕೇಳುತ್ತಿತ್ತು. ನನ್ನ ಕಾಲು ಎದ್ದು ಹೋಗಿ ನೋಡು ನೋಡು ಎನ್ನುತ್ತಿತ್ತು. ಎರಡು ಸಲ ಎದ್ದೆ, ಎರಡು ಸಲ ಕೂತೆ. ಅಷ್ಟರಲ್ಲಿ ಒಳಗೆ ಯಾರೋ ನಕ್ಕರು, ಇನ್ನೊಬ್ಬಳು ಹಾಡು ಎತ್ತಿದಳು. ಸಾಯಮ್ಮ ಬಾಗಿಲಿಗೆ ಬಂದು, “ಇದು ಇಲ್ಲೇ ಇರ್ಲಿ. ಇನ್ನ ನೀವು ಹೋಗ್ರಿ” ಎಂದಳು. ಇಷ್ಟು ದಿನದಲ್ಲಿ ನಾನು ಮಾರಿದ ಮೊದಲ ಯಂತ್ರ ಅದು, ನೋಡದೆಯೇ ಮಾರಿದ್ದು.

ಆಮೇಲೆ ಅವಳ ಮಾತಿನ ಮೇಲೆ ಸುತ್ತಲಿನ ಊರುಗಳಿಗೆ ಹೋದೆ. ಈಗ ಊರಿಗೆ ಕಾಲಿಟ್ಟೊಡನೆ ಇಲ್ಲಿ ಸಂತೆ ಯಾವಾಗ ಎಂದು ಕೇಳುವುದಿಲ್ಲ. ಯಾವ ಅಂಗಳದಲ್ಲಿ ಹೆಂಗಸರು ಕೂಡುತ್ತಾರೆ, ಆ ಮನೆಯ ಗಂಡಸು ಯಾವ ಹೊತ್ತಿಗೆ ಹೊರಗಿರುತ್ತಾನೆ ಎಂದು ಕೇಳುತ್ತೇನೆ. ಹಾಗೆ ಕೇಳಿದ್ದಕ್ಕೆ ಒಂದೂರಿನಲ್ಲಿ ನನ್ನನ್ನು ಚಾವಡಿಗೆ ಕರೆದೊಯ್ದು ಕೂರಿಸಿದ್ದರು. ಸಾಯಮ್ಮನ ಹೆಸರು ಹೇಳಿ ಪಾರಾದೆ. ಇನ್ನು ಉಳಿದಿರುವ ಯಂತ್ರಗಳು ಒಂದು ಸೈಕಲ್ಲಿನ ಮೇಲೆ ಬರುವಷ್ಟು. ಇಷ್ಟೇ ಉಳಿದಿರುವುದರಿಂದ ಏಜೆನ್ಸಿ ಮುಂದುವರಿಯುತ್ತದೆ ಎಂದು ಕಂಪನಿಯವರು ಟ್ರಂಕ್ ಕಾಲಿನಲ್ಲಿ ಹೇಳಿದರು. ಚಕ್ಕಲಿ ಬಿಲ್ಲೆಯೂ ಇದೆಯಂತೆ.

ಅಣ್ಣನ ಕಾಗದ ಆತ್ಮಾರಾಮನ ಅಂಗಡಿಗೆ ಬಂದು, ನಿನ್ನ ಕಾರ್ಡಿನ ಜೊತೆ ಇಲ್ಲಿಗೆ ತಲುಪಿತು. ಒಂದೇ ಸಾಲು: “ನಿನ್ನ ಹೆಣ್ತಿ ಬರೆದ ಪತ್ರ ಓದಿದೆ. ಇನ್ನು ನಾನು ಏನೂ ಅನ್ನುವುದಿಲ್ಲ.” ಏನು ಬರೆದೆ ಎಂದು ನಾನು ಕೇಳುವುದಿಲ್ಲ. ಆದರೆ ಅಣ್ಣನಿಂದ ಒಂದು ಸಾಲಿನ ಕಾಗದ ನಮ್ಮ ವಂಶದಲ್ಲಿ ಇದೇ ಮೊದಲು.

ಪಶ್ಚಿಮಕ್ಕೆ ಮೋಡ ಕಟ್ಟುತ್ತಿದೆ. ಗುರುವಾರ ಸಂಜೆಗೆ ತಾಂಡೂರಿಗೆ ಬರುತ್ತೇನೆ. ಅದು ನಿಮ್ಮ ದಿನ, ಗೊತ್ತು. ಆದರೆ ಬಕ್ಕಪ್ಪನ ಬಸ್ಸು ಆ ದಿನವೇ. ಒಂದು ಸಣ್ಣ ಉಪಕಾರ ಮಾಡು. ಹೆಂಗಸರು ಇನ್ನೂ ಅಂಗಳದಲ್ಲಿದ್ದರೆ ಹೊರಗಿನ ಬಾಗಿಲ ಚಿಲಕಕ್ಕೆ ಕೆಂಪು ಟವೆಲ್ ಹಾಕಿಡು. ಕಂಡರೆ ನಾನು ಓಣಿಯ ತುದಿಯಿಂದಲೇ ತಿರುಗಿ, ಸ್ಟೇಷನ್ನಿನ ಎದುರಿನ ಚಹಾದಂಗಡಿಯಲ್ಲಿ ಕೂತಿರುತ್ತೇನೆ. ಎಲ್ಲರೂ ಹೋದ ಮೇಲೆ ಮಾತ್ರ ಅದನ್ನು ತೆಗೆಯಲು ಮರೆಯಬೇಡ. ಆ ಚಹಾದವನು ದೀಪ ಹಚ್ಚುವ ಹೊತ್ತಿಗೇ ಬೆಂಚು ಎತ್ತಿಬಿಡುತ್ತಾನೆ.

ವೈಜಿನಾಥ